ಮನೆಯ ಗಾಡಿ ಮುಟ್ಟಬಾರದವನು

ಸ್ಟಿಲ್‌ಹೌಸ್ ಹಳ್ಳ, ಕೆಂಟಕಿ
ಅಕ್ಟೋಬರ್ ೯, ೨೦೧೬

ವೇಡ್, ನನ್ನ ಮಗನೇ,

ನಾನು ಬದುಕಿದ್ದೇನೆ, ಎಡಗಾಲಿನ ಮಂಡಿ ಮಾತ್ರ ನನಗಿಂತ ಮೊದಲೇ ಹೊರಡುವ ಅವಸರದಲ್ಲಿದೆ. ನೀನು ಜೈಲಿನಿಂದ ಹೊರಬಂದು ಓಹಾಯೋದಲ್ಲಿ ತಂಗಿ ಕೆಂಡ್ರಾಳ ಮನೆಯಲ್ಲಿ ಇಳಿದಿದ್ದೀಯೆಂದು ಅವಳು ಹಾಕಿದ ಕಾರ್ಡು ಬಂತು. ಅಣ್ಣ ಹತ್ತಿರವಿರುವುದು ಅವಳಿಗೆ ಒಳ್ಳೆಯದು. ಅವಳ ಗಂಡ ಲಾನಿಗೆ ಒಳ್ಳೆಯದೋ ಅಲ್ಲವೋ, ಅವನನ್ನೇ ಕೇಳಬೇಕು. ಫೋನು ಮಾಡಬೇಡ. ಹೊಲಿಗೆ ಕಾರ್ಖಾನೆ ನನ್ನ ಕಿವಿಗಳನ್ನು ತಿಂದು ಮುಗಿಸಿದೆ, ಫೋನು ಹಿಡಿದರೆ ಜೇನುಗೂಡಿಗೆ ತಲೆಯಿಟ್ಟ ಹಾಗೆ. ಬರೆ.

ನೀನು ಹೊಡೆದೆಯಲ್ಲ, ಆ ಮನುಷ್ಯ ನಿನಗೆ ಏನು ಮಾಡಿದ? ಊರಿನಲ್ಲಿ ಬಾಯಿಗೊಂದು ಕತೆ. ನಿನ್ನ ಅಪ್ಪ, ನನ್ನ ತಮ್ಮ ಎಸ್ಟಿಲ್, ಚೆಂಡಾಟದ ಬಯಲಿನಲ್ಲಿ ಒಬ್ಬನ ಕಿವಿ ಕಚ್ಚಿ ಹರಿದಿದ್ದ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಅವರ ಮನೆಗೆ ಕೊಟ್ಟು ಬಂದವಳು ನಾನೇ. ನಿನ್ನ ತಾತ ತೆರಿಗೆಯ ಕಾಗದ ಬಂತೆಂದು ಅಂಚೆಪೆಟ್ಟಿಗೆಗೇ ಗುಂಡು ಹೊಡೆದ. ನಮ್ಮ ಮನೆತನದಲ್ಲಿ ಕೋಪವೂ ಮೂಗಿನ ಹಾಗೆ, ಅಪ್ಪನಿಂದ ಮಗನಿಗೆ ಬರುತ್ತದೆ. ಆದರೆ ಎಸ್ಟಿಲ್ ಹೊಟ್ಟೆಯಲ್ಲಿ ಪರರ ಚಾಕು ಇಟ್ಟುಕೊಂಡು ಹೋದ. ನಿಮ್ಮಿಬ್ಬರನ್ನು ನಾನು ಸಾಕಿದ್ದು ಅದಕ್ಕಲ್ಲ.

ನಿನ್ನ ಡೆಲ್ಫಾ ಅತ್ತೆ


ಮಿಲ್‌ಫೋರ್ಕ್, ಓಹಾಯೋ
ಅಕ್ಟೋಬರ್ ೨೩

ಅತ್ತೆ,

ಕೇಳಿದ್ದೀಯೆಂದು ಬರೆಯುತ್ತೇನೆ, ಒಂದೇ ಸಲ. ಆ ಮನುಷ್ಯ ನನಗೆ ಏನೂ ಮಾಡಲಿಲ್ಲ. ಹಸಿರು ದೀಪ ಬಂದರೂ ನಾನು ಕದಲಲಿಲ್ಲವೆಂದು ಹಾರ್ನ್ ಒತ್ತಿದ. ದಾಟಿ ಹೋಗುವಾಗ ಕೈಸನ್ನೆಯಲ್ಲಿ ಬೈದ. ನಾನು ಬೆನ್ನಟ್ಟಿದೆ. ಅವನ ಕಾರನ್ನು ಹಿಂದಿನಿಂದ ಗುಮ್ಮಿ ಗುಮ್ಮಿ ಚರಂಡಿಗೆ ಇಳಿಸಿದೆ. ಅಲ್ಲಿಗೂ ನಿಲ್ಲಲಿಲ್ಲ. ಚಕ್ರ ಬಿಚ್ಚುವ ಸಲಾಕೆಯಿಂದ ಗಾಜು ಒಡೆದು, ಅಂಗಿ ಹಿಡಿದು ಅವನನ್ನು ಹೊರಗೆಳೆದು, ದವಡೆ ಮುರಿದೆ. ಮುರಿದದ್ದು ಕೈಗೆ ತಿಳಿಯಿತು. ಆಮೇಲೆ ನೋಡಿದರೆ ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಕಟ್ಟಿತ್ತು. ಖಾಲಿಯಿತ್ತು. ಖಾಲಿಯೆಂದು ಗುಮ್ಮುವಾಗ ನನಗೆ ಗೊತ್ತಿರಲಿಲ್ಲ, ಅತ್ತೆ.

ಈಗ ಗುಜರಿ ಅಂಗಳದಲ್ಲಿ ಕೆಲಸ, ಹಳೆಯ ಕಾರುಗಳನ್ನು ಯಂತ್ರಕ್ಕೆ ಕೊಟ್ಟು ಚಪ್ಪಟೆ ಮಾಡುವುದು. ವಾಲ್ಟ್ ಎಂಬ ಮುದುಕ ತನ್ನ ಗಾಡಿಯಲ್ಲಿ ಕರೆದೊಯ್ಯುತ್ತಾನೆ. ಕ್ರಿಸ್ಮಸ್‌ಗೆ ಅವನು ನಿವೃತ್ತ. ಇಲ್ಲಿ ಬಸ್ಸಿಲ್ಲ. ಕೆಲಸ ಬಿಟ್ಟುಹೋದರೆ ಉಳಿದ ಶಿಕ್ಷೆಗೆ ಒಳಗೆ ಹೋಗಬೇಕೆಂದು ನ್ಯಾಯಾಧೀಶರು ಹೇಳಿದ್ದಾರೆ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೂ ಅಷ್ಟೇ.

ಲೈಸೆನ್ಸು ಮರಳಿ ಬರಬೇಕಾದರೆ ವಿಮಾ ಕಂಪನಿಯೊಂದು ನನ್ನ ಪರವಾಗಿ ಸರ್ಕಾರಕ್ಕೆ ಕಾಗದ ಹಾಕಬೇಕು: ಇವನಿಗೆ ವಿಮೆಯಿದೆ, ತಪ್ಪಿದ ದಿನವೇ ನಿಮಗೆ ತಿಳಿಸುತ್ತೇವೆ, ಎಂದು. ಎಸ್‌ಆರ್ ಇಪ್ಪತ್ತೆರಡು ಎಂದು ಅದರ ಹೆಸರು, ಕೋವಿಯ ಹೆಸರಿನ ಹಾಗೆ. ಫೋನಿನಲ್ಲಿ ಎಲ್ಲ ಹುಡುಗಿಯರೂ ಜೇನಿನಂತೆ ಮಾತಾಡುತ್ತಾರೆ, "ಲೈಸೆನ್ಸ್ ಯಾವಾಗ್ಲಾದ್ರೂ ರದ್ದಾಗಿತ್ತಾ ಸರ್?" ಎನ್ನುವವರೆಗೆ. ಆಮೇಲೆ ಕೀಲಿಮಣೆಯ ಸದ್ದೂ ನಿಂತುಹೋಗುತ್ತದೆ.

ವೇಡ್


ಸ್ಟಿಲ್‌ಹೌಸ್ ಹಳ್ಳ
ನವೆಂಬರ್ ೬

ಮಗನೇ,

ಮಗುವಿನ ಕುರ್ಚಿಯ ಮಾತು ಓದಿ ಕಾಗದ ಮಡಚಿಟ್ಟೆ. ಹಂದಿಗಳಿಗೆ ನೀರು ಹಾಕಿ ಬಂದು ಉಳಿದದ್ದನ್ನು ಓದಿದೆ. ನಿನ್ನನ್ನು ಬೈಯಲು ಪದ ಹುಡುಕಿದೆ, ಆ ವಾಕ್ಯಕ್ಕಿಂತ ದೊಡ್ಡದು ಸಿಗಲಿಲ್ಲ.

ಫೋನು ಬಿಡು. ನಡೆದುಹೋಗಿ ಮುಖ ತೋರಿಸು. ಫೋನಿನಲ್ಲಿ ನೀನು ದವಡೆ ಮುರಿದವನು ಮಾತ್ರ. ಎದುರಿಗೆ ಕೂತರೆ ತಲೆ ಬಾಚಿಕೊಂಡು ಬಂದ ಹುಡುಗನೂ ಹೌದು.

ನಿನ್ನೆ ನಮ್ಮಲ್ಲಿ ಹಂದಿ ಕಡಿದೆವು. ಪಕ್ಕದ ಮನೆಯ ರೂಬಿಯ ಅಳಿಯ ಹೆಂಡತಿಯೊಡನೆ ಜಗಳವಾಡಿ ಬಂದಿದ್ದ. ಗುಂಡು ಹಣೆಗೆ ಬೀಳದೆ ಮೂತಿಗೆ ಬಿತ್ತು. ಆ ಜೀವ ಅರ್ಧ ಮುಖದಲ್ಲಿ ಕಿರುಚುತ್ತ ತೋಟವನ್ನೆಲ್ಲ ರಕ್ತ ಮಾಡಿತು. ನಾನೇ ಹೋಗಿ ಕೊರಳಿಗೆ ಕತ್ತಿ ಹಾಕಬೇಕಾಯಿತು. "ಕೋಪ ಮನೇಲಿ ಇಟ್ಬಿಟ್ಟು ಬಾರೋ, ಕೋವಿ ಜೊತೆ ತರ್ಬೇಡ" ಅಂದೆ. ನಿನಗೂ ಅದೇ ಮಾತು.

ಅತ್ತೆ


ಮಿಲ್‌ಫೋರ್ಕ್
ನವೆಂಬರ್ ೨೭

ಅತ್ತೆ,

ತಲೆ ಬಾಚಿಕೊಂಡೇ ಹೋದೆ. ಗಿರವಿ ಅಂಗಡಿಗೂ ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ನಡುವೆ ಫುಲ್ಟ್ಜ್ ಎಂಬವನ ವಿಮೆ ಕಚೇರಿಯಿದೆ, ಬೇರೆಯವರು ಬಾಗಿಲು ಹಾಕಿದ ಮೇಲೆ ನನ್ನಂಥವರು ಬರುವ ಜಾಗ. ನನಗಿಂತ ಮೊದಲು ಕೂತಿದ್ದವನ ತಲೆಯಲ್ಲಿ ಹೊಲಿಗೆಗಳಿದ್ದವು.

"ಕುಡಿದು ಓಡಿಸಿದ್ಯಾ?" ಎಂದು ಫುಲ್ಟ್ಜ್ ಕೇಳಿದ.

"ಇಲ್ಲ ಸರ್."

"ಮತ್ತೆ?"

"ಕೋಪ."

ಅವನು ಕನ್ನಡಕ ತೆಗೆದ. "ಅಯ್ಯೋ ತಮ್ಮಾ, ಕುಡಿತಕ್ಕೆ ನನ್ ಹತ್ರ ದರ ಇದೆ. ಕುಡುಕ ಯಾವಾಗ್ ಕುಡೀತಾನೆ ಅಂತ ಕಂಪನಿಗೆ ಗೊತ್ತು, ಶುಕ್ರವಾರ. ನಿಂಗೆ ಯಾವಾಗ್ ಸಿಟ್ಟು ಬರುತ್ತೆ ಅಂತ ಯಾರಿಗ್ ಗೊತ್ತು?"

"ನಂಗೂ ಗೊತ್ತಿಲ್ಲ."

"ಅದನ್ನೊಂದು ಫಾರಂನಲ್ಲಿ ಬರೀಬೇಡ" ಎಂದು ನಕ್ಕ. ಆದರೂ ಒಂದು ಕಂಪನಿ ಹುಡುಕಿದ. ಸಿಕ್ಕಿದ್ದು ಕಾರಿಲ್ಲದವನ ವಿಮೆ. ಎಂದಾದರೊಮ್ಮೆ ಬೇರೆಯವರ ಗಾಡಿ ಓಡಿಸಬಹುದು, ಮುಂದೆ ಗುಜರಿಯಿಂದ ನನ್ನದೊಂದು ಕೊಂಡರೆ ಅದಕ್ಕೆ ಬದಲಿಸಿಕೊಡುತ್ತಾರೆ. ಆದರೆ ನಾನು ಮಲಗುವ ಮನೆಯ ಗಾಡಿಯನ್ನು ಮಾತ್ರ ಮುಟ್ಟುವಂತಿಲ್ಲ. ಒಮ್ಮೆ ಮುಟ್ಟಿ ಸಿಕ್ಕಿದರೆ ಕಾಗದ ಹೋಯಿತು, ಲೈಸೆನ್ಸು ಹೋಯಿತು, ನಾನೂ ಒಳಗೆ ಹೋದೆ.

ಲಾನಿಯ ಕಂಪನಿಯೂ ಅವನಿಗೆ ಬರೆಯಿತು: ಮನೆಯಲ್ಲಿ ಇಂಥವನಿದ್ದರೆ ದರ ಏರಿಸುತ್ತೇವೆ, ಇಲ್ಲವೇ ಅವನ ಹೆಸರನ್ನು ಹೊರಗಿಟ್ಟು ಸಹಿ ಹಾಕು. ಲಾನಿ ಊಟದ ಮೇಜಿನ ಮೇಲೆಯೇ ಸಹಿ ಹಾಕಿದ. "ನೋಡು ಭಾವ, ಇವತ್ತಿಂದ ನೀನು ನನ್ ಗಾಡಿ ಪಾಲಿಗೆ ಸತ್ತಂಗೆ" ಎಂದು ನಕ್ಕ. ಕೆಂಡ್ರಾ ನಗಲಿಲ್ಲ. ಅವಳ ಬೆರಳುಗಳಿಗೆ ಪಟ್ಟಿ ಸುತ್ತಿದೆ, ಕಾರಿನ ಬಾಗಿಲಿಗೆ ಸಿಕ್ಕಿತಂತೆ.

ವೇಡ್


ಸ್ಟಿಲ್‌ಹೌಸ್ ಹಳ್ಳ
ಡಿಸೆಂಬರ್ ೪

ಮಗನೇ,

ಆ ಲಾನಿಯ ಕೈಗೆ ಹುಳ ಬೀಳಲಿ. ಹೆಂಡತಿಯ ಒಡಹುಟ್ಟಿದವನ ಹೆಸರನ್ನು ಕಾಗದದಲ್ಲಿ ಹೊಡೆದುಹಾಕಿ, ಅನ್ನ ತಿನ್ನುವ ಮೇಜಿನ ಮೇಲೆ ನಗುತ್ತಾನೆಯೇ! ನಮ್ಮಲ್ಲಿ ಮನೆಮಂದಿಯ ಹೆಸರು ಬರೆದಿಡುವ ಬೈಬಲಿನಿಂದ ಒಬ್ಬನ ಹೆಸರು ತೆಗೆದದ್ದು ಒಮ್ಮೆ ಮಾತ್ರ, ಅದೂ ಅವನು ತನ್ನ ತಾಯಿಗೆ ಗುಂಡು ಹೊಡೆದ ಮೇಲೆ. ರಕ್ತ ಸಂಬಂಧಕ್ಕೆ ಸಹಿ ಹಾಕಿ ಹೊರಗಿಡುವವನು ಗಂಡಸಲ್ಲ. ನನ್ನ ಮುಂದೆ ಯಾವ ಕಂಪನಿಯಾದರೂ ಆ ಕಾಗದ ಇಟ್ಟರೆ ಅದನ್ನೇ ಸುರುಳಿ ಸುತ್ತಿ ಅವರ ಬಾಯಿಗೆ ತುರುಕುತ್ತೇನೆ. ಲಾನಿಗೆ ನನ್ನ ಮಾತು ಓದಿ ಹೇಳು.

ಕೆಂಡ್ರಾಗೆ ಬಾಗಿಲು ನೋಡಿ ಹಾಕಲು ಹೇಳು. ಆ ಹುಡುಗಿ ಚಿಕ್ಕಂದಿನಿಂದಲೂ ಹಾಗೆ, ಸಮನೆಲದಲ್ಲೂ ಎಡವುವವಳು.

ಅತ್ತೆ


ಮಿಲ್‌ಫೋರ್ಕ್
ಜನವರಿ ೮, ೨೦೧೭

ಅತ್ತೆ,

ಲೈಸೆನ್ಸು ಬಂತು. ಫೋಟೋದಲ್ಲಿ ಅಪ್ಪನ ಹಾಗೆ ಕಾಣುತ್ತೇನೆ. ವಾಲ್ಟ್ ಹೋಗುವ ಮೊದಲು ಇನ್ನೊಬ್ಬನಿಗೆ ಹೇಳಿಹೋಗಿದ್ದಾನೆ, ವಸಂತದವರೆಗೆ ಅವನು ಕರೆದೊಯ್ಯುತ್ತಾನೆ. ಅಷ್ಟರಲ್ಲಿ ಗುಜರಿಯಲ್ಲಿರುವ ಒಂದು ಬಿಳಿ ಕಾರನ್ನು ನನಗೇ ಕೊಡುವುದಾಗಿ ಯಜಮಾನರು ಹೇಳಿದ್ದಾರೆ. ಅದನ್ನು ಯಂತ್ರಕ್ಕೆ ಹಾಕದೆ ಬದಿಗೆ ನಿಲ್ಲಿಸಿದ್ದೇನೆ.

ಒಂದು ಮಾತು ಕೇಳಬೇಕಿತ್ತು. ಕಣ್ಣೆದುರಿಗೇ ಒಬ್ಬ ಮನುಷ್ಯನಿದ್ದಾನೆ, ದಿನಾ ನೋಡುತ್ತೇನೆ. ಅವನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಬೇಕೆಂದು ಕೈ ತುರಿಸುತ್ತದೆ. ಹೊಡೆದರೆ ನಾನು ಒಳಗೆ ಹೋಗುತ್ತೇನೆ, ಅವನು ಇಲ್ಲೇ ಇರುತ್ತಾನೆ. ಹೊಡೆಯದೆ ಹೇಗಿರುವುದು?

ಕೆಂಡ್ರಾ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು, ಕಣ್ಣಿನ ಸುತ್ತ ಕಪ್ಪಾಗಿದೆ. ನಿನಗೆ ನೆನಪು ಹೇಳಿದ್ದಾಳೆ.

ವೇಡ್


ಸ್ಟಿಲ್‌ಹೌಸ್ ಹಳ್ಳ
ಜನವರಿ ೧೭

ಮಗನೇ,

ಗುಜರಿ ಅಂಗಳದಲ್ಲಿ ಯಾವನೋ ನಿನ್ನನ್ನು ಕೆಣಕುತ್ತಿದ್ದಾನೆಂದು ತಿಳಿಯಿತು. ಜೈಲಿಗೆ ಹೋಗಿ ಬಂದವನನ್ನು ಕೋಲಿನಿಂದ ತಿವಿದು ನೋಡುವವರು ಎಲ್ಲ ಕಡೆ ಇರುತ್ತಾರೆ. ಕೇಳು. ಅವನ ಮುಖ ನೋಡಬೇಡ. ಅವನು ಬಂದರೆ ನೀನು ಹೊರಗೆ ಹೋಗಿ ಸೌದೆ ಒಡೆ. ಕೊಡಲಿ ಬೀಳುವ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ನಿನಗೆ ಸಂಬಂಧಪಡದ ವಿಷಯಕ್ಕೆ ತಲೆ ಹಾಕಬೇಡ. ಬಿಳಿ ಕಾರು ಕೈಗೆ ಬರುವವರೆಗೆ ನೀನು ಕಲ್ಲು, ಅಷ್ಟೇ ನೆನಪಿಡು.

ಕೆಂಡ್ರಾ ಕಣ್ಣಿಗೆ ತಣ್ಣನೆ ಮಾಂಸದ ತುಂಡು ಇಟ್ಟುಕೊಳ್ಳಲಿ.

ಅತ್ತೆ


ಸ್ಟಿಲ್‌ಹೌಸ್ ಹಳ್ಳ
ಫೆಬ್ರವರಿ ೧೪

ವೇಡ್,

ಲಾನಿಯ ತಾಯಿ ರೂಬಿಯ ಮನೆಗೆ ಫೋನು ಮಾಡಿ ಅತ್ತಳಂತೆ. ರೂಬಿ ಓಡಿ ಬಂದು ನನ್ನ ಕಿವಿಯಲ್ಲಿ ಕೂಗಿ ಹೇಳಿದಳು. ನೀನು ಲಾನಿಯ ಕಾರು ಕದ್ದೆ. ಹುಚ್ಚನ ಹಾಗೆ ಓಡಿಸಿ ಸೇತುವೆಯ ಕಂಬಿಗೆ ಗುದ್ದಿದೆ. ಪಕ್ಕದಲ್ಲಿ ಕೂತ ನಿನ್ನ ತಂಗಿಯ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ, ಅವಳಿಗೆ ಎಚ್ಚರವಿಲ್ಲ.

ನೀನು ಈಗ ನನ್ನ ಎದುರಿಗಿದ್ದರೆ ಕುದಿಯುವ ನೀರು ಸುರಿದು ಹಂದಿಯ ಹಾಗೆ ನಿನ್ನ ಕೂದಲು ಹೆರೆಯುತ್ತಿದ್ದೆ. ಒಬ್ಬರ ಮಗುವಿನ ಕುರ್ಚಿ ಖಾಲಿಯಿತ್ತೆಂದು ನಿನಗೆ ಬುದ್ಧಿ ಬರಲಿಲ್ಲ, ಈ ಸಲ ಕುರ್ಚಿ ತುಂಬಿಸಿಕೊಂಡು ಗುದ್ದಿದೆ. ಲಾನಿ ನಿನ್ನ ಹೆಸರು ಹೊರಗಿಟ್ಟದ್ದೇ ಸರಿಯಾಯಿತು. ಅವನಿಗೆ ಹಾಕಿದ ಶಾಪ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನನಗೆ ಬರೆಯಬೇಡ.

ಡೆಲ್ಫಾ


ಕೌಂಟಿ ಜೈಲು, ಓಹಾಯೋ
ಫೆಬ್ರವರಿ ೨೦

ಅತ್ತೆ,

ಬರೆಯಬೇಡ ಅಂದಿದ್ದೀಯ. ಇದೊಂದು.

ಕೆಂಡ್ರಾಗೆ ಎಚ್ಚರವಾಯಿತೇ? ಇಲ್ಲಿ ಯಾರೂ ಹೇಳುವುದಿಲ್ಲ. ಅಷ್ಟು ತಿಳಿಸು, ಬೇರೇನೂ ಬೇಡ. ಸಾಧ್ಯವಾದರೆ ನೀನೇ ಹೋಗು. ಲಾನಿ ಆ ಕೋಣೆಯಲ್ಲಿ ಒಬ್ಬನೇ ಅವಳ ಹತ್ತಿರ ಕೂರದ ಹಾಗೆ ನೋಡಿಕೊ.

ವೇಡ್


ಮಿಲ್‌ಫೋರ್ಕ್, ಆಸ್ಪತ್ರೆಯಿಂದ
ಮಾರ್ಚ್ ೫

ವೇಡ್, ನನ್ನ ಕಂದ,

ನಿನ್ನ ಕಾಗದದ ಕೊನೆಯ ಸಾಲು ಓದಿದಾಗ ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿತ್ತು. ಒಲೆ ಆರಿಸಿದೆ, ರೂಬಿಯ ಅಳಿಯ ಗಾಡಿ ತಂದ. ದಾರಿಯುದ್ದಕ್ಕೂ ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದಿದೆ. ಕಾರಿನ ಬಾಗಿಲು, ಮಂಜುಗಡ್ಡೆ, ಎಲ್ಲವೂ ಒಂದೊಂದಾಗಿ ಬಂದು ನನ್ನ ಮುಂದೆ ನಿಂತವು.

ಕೆಂಡ್ರಾಗೆ ಎಚ್ಚರವಾಗಿದೆ. ಉಸಿರಿಗೆಂದು ಗಂಟಲಿಗೆ ಹಾಕಿದ್ದ ಕೊಳವೆ ತೆಗೆದಿದ್ದಾರೆ. ನನ್ನನ್ನು ನೋಡಿ ಮೊದಲು ಆಡಿದ ಮಾತು: "ಅತ್ತೇ, ಪಕ್ಕೆ ಮುರಿದದ್ದು ಕಾರಲ್ಲಲ್ಲ. ಅಡುಗೆಮನೆಯಲ್ಲೇ. ಬೂಟು ಹಾಕ್ಕೊಂಡು ಒದ್ದ." ಅವಳು ಅದನ್ನು ನನಗೆ ಕೇಳಿಸುವಷ್ಟು ಜೋರಾಗಿ ಹೇಳಬೇಕಾಯಿತು, ಪ್ರತಿ ಮಾತಿಗೂ ಎದೆ ಹಿಡಿದುಕೊಂಡಳು. ದಾದಿಯೂ ಕೇಳಿದಳು. ದಾದಿ ಪೊಲೀಸರನ್ನು ಕರೆಸಿದಳು, ಅವರು ಬರೆದುಕೊಂಡರು.

ಅವರು ಬರುವುದಕ್ಕೆ ಮೊದಲೇ ಲಾನಿ ಹೂವು ಹಿಡಿದು ಬಂದ. "ಏನ್ ಅತ್ತೆಮ್ಮಾ, ನೋಡಿದ್ರಾ ನಿಮ್ ಹುಡುಗನ ಪ್ರತಾಪ?" ಎಂದದ್ದು ಅವನ ತುಟಿಯಿಂದ ತಿಳಿಯಿತು. ನನ್ನ ಊರುಗೋಲು ಗಟ್ಟಿ ಹಿಕ್ಕರಿ ಮರದ್ದು. ಮೊದಲ ಏಟಿಗೆ ಮೂಗು ಹೋಯಿತು. ಎರಡನೆಯದು ಮಂಡಿಗೆ. ಬಿದ್ದವನ ಬೆರಳುಗಳ ಮೇಲೆ ನಿಂತೆ, ಅವಳ ಬೆರಳುಗಳ ಲೆಕ್ಕಕ್ಕೆ. ಬಿಡಿಸಲು ಇಬ್ಬರು ಬೇಕಾದರು. ಈಗ ನಿನ್ನ ಅತ್ತೆಯ ಹೆಸರೂ ಪೊಲೀಸರ ಬಳಿಯಿದೆ. ನ್ಯಾಯಾಧೀಶರು ಕೇಳಿದರೆ ಕಿವಿ ಕೇಳಿಸುವುದಿಲ್ಲ ಎನ್ನುತ್ತೇನೆ.

ಹಾಗೆ ಹೊಡೆದು ಕೂತಾಗ ಬಾಯಲ್ಲಿ ಸಿಹಿ ಇತ್ತು. ಕೆಂಡ್ರಾಳತ್ತ ತಿರುಗಿದರೆ, ಅವಳು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಮುದುಡಿದ್ದಳು. ನನಗೂ ಹೆದರಿದ್ದಳು ವೇಡ್. ಆ ಸಿಹಿ ಅಲ್ಲೇ ಕಹಿಯಾಯಿತು.

ನನಗೆ ಏಕೆ ಬರೆಯಲಿಲ್ಲ ನೀನು? ನಾನು ನಿನಗೆ ಸೌದೆ ಒಡೆಯಲು ಹೇಳಿದೆನಲ್ಲ.

ಅತ್ತೆ


ಕೌಂಟಿ ಜೈಲು
ಮಾರ್ಚ್ ೧೬

ಅತ್ತೆ,

ಬರೆದಿದ್ದರೆ ನೀನು ಕೋವಿ ತೆಗೆದುಕೊಂಡು ಬರುತ್ತಿದ್ದೆ. ಊರುಗೋಲಿನಲ್ಲೇ ಇಷ್ಟಾಯಿತು. ಯಾರಿಗೂ ಹೇಳಬಾರದೆಂದು ಕೆಂಡ್ರಾ ಆಣೆಯನ್ನೂ ಹಾಕಿಸಿದ್ದಳು.

ಹೌದು, ಅವತ್ತು ಸೌದೆಯನ್ನೇ ಒಡೆಯುತ್ತಿದ್ದೆ. ಕೊಡಲಿ ನಿಲ್ಲಿಸಿ ಬೆವರು ಒರೆಸಿಕೊಳ್ಳುವಾಗ ಲಾನಿ ತನ್ನ ಟ್ರಕ್ಕಿನಲ್ಲಿ ಬಿಯರ್ ತರಲು ಹೊರಟದ್ದು ಕಂಡಿತು. ಒಳಗೆ ಹೋದರೆ ಕೆಂಡ್ರಾ ನೆಲದ ಮೇಲಿದ್ದಳು, ಕೆಮ್ಮಿದರೆ ರಕ್ತ. ಅವಳ ಫೋನನ್ನು ಅವನು ಒಲೆಗೆ ಹಾಕಿದ್ದ. ಆ ತಗ್ಗಿನಲ್ಲಿ ನನ್ನ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅಂಗಳದಲ್ಲಿದ್ದದ್ದು ಅವನ ಕಾರು ಒಂದೇ, ನನ್ನ ಹೆಸರು ಹೊರಗಿಟ್ಟದ್ದು. ಕೀಲಿ ಹಿಡಿದು ನಿಂತೆ ಅತ್ತೆ, ಸುಳ್ಳು ಹೇಳುವುದಿಲ್ಲ. ಬಿಳಿ ಕಾರು ಕಣ್ಣ ಮುಂದೆ ಬಂತು. ಅವಳು ಇನ್ನೊಮ್ಮೆ ಕೆಮ್ಮಿದಳು.

ಸೇತುವೆಯ ಹತ್ತಿರ ಲಾನಿ ಎದುರಿಗೆ ಬಂದ. ತನ್ನ ಕಾರನ್ನು ಕಂಡ. ಅಲ್ಲೇ ತಿರುಗಿಸಿ ಹಿಂದಿನಿಂದ ಗುಮ್ಮಿದ. ಮತ್ತೆ ಗುಮ್ಮಿದ. ಕಾರು ಕಂಬಿಗೆ ಉಜ್ಜಿ ಕಿಡಿ ಹಾರಿತು, ಹಿಂದಿನ ಗಾಜು ಪುಡಿಯಾಗಿ ಕುತ್ತಿಗೆಯ ಮೇಲೆ ಸುರಿಯಿತು. ಗುಮ್ಮಿಸಿಕೊಳ್ಳುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಿಲ್ಲಿಸಿ ಇಳಿದರೆ ಅವನನ್ನು ಕೊಲ್ಲುತ್ತೇನೆ, ಅದು ಮಾತ್ರ ಗೊತ್ತಿತ್ತು. ಕೈ ಬಾಗಿಲಿನ ಹಿಡಿಯ ಮೇಲೇ ಇತ್ತು. ಕೆಂಡ್ರಾ "ನಿಲ್ಲಿಸ್ಬೇಡ ಕಣೋ, ಓಡ್ಸು" ಅಂದಳು. ಓಡಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ಲಾನಿ ಇಳಿದು ನನ್ನ ಮುಖಕ್ಕೆ ಗುದ್ದಿದ, ನಾನು ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ನಿಂತೆ. ಒಂದು ಹಲ್ಲು ಹೋಯಿತು. ಪೊಲೀಸಿನವನು ಬಂದು ಇಬ್ಬರ ಹೆಸರನ್ನೂ ಕಂಪ್ಯೂಟರಿನಲ್ಲಿ ನೋಡಿದ. ಬೇಡಿ ನನಗೆ ಬಿತ್ತು. "ಗುದ್ದಿಸೋದು ನಿಂಗೇನ್ ಹೊಸ್ದಲ್ವಲ್ಲ" ಅಂದ. ಅವನನ್ನೇನು ಬೈಯುವುದು, ನನ್ನ ಹೆಸರಿನ ಮುಂದೆ ಅದೇ ಬರೆದಿತ್ತು.

ಈಗ ಲಾನಿಯೂ ಇದೇ ಕಟ್ಟಡದಲ್ಲಿದ್ದಾನೆ, ಬೇರೆ ಮಹಡಿ. ಆದರೆ ಎರಡು ಕಂಪನಿಗಳೂ ಕೈ ತೊಳೆದುಕೊಂಡವು. ಫುಲ್ಟ್ಜ್ ಬಂದು ನೋಡಿಹೋದ, "ತಮ್ಮಾ, ಈ ಸಲ ಕೋಪ ಅಲ್ಲ ಅಂತ ಬರೆದೆ, ಅವ್ರ ಫಾರಂನಲ್ಲಿ ಅದಕ್ಕೆ ಜಾಗಾನೇ ಇಲ್ಲ" ಅಂದ. ಲೈಸೆನ್ಸು ಮತ್ತೆ ರದ್ದು. ಕಾರಣ ಒಳ್ಳೆಯದಾದರೂ ಶರತ್ತು ಮುರಿದದ್ದು ಮುರಿದದ್ದೇ ಎಂದು ನ್ಯಾಯಾಧೀಶರು ಸೆಪ್ಟೆಂಬರ್‌ವರೆಗೆ ಜೈಲು ಕೊಟ್ಟರು. ಪೂರ್ತಿ ಶಿಕ್ಷೆ ಕೊಡಬಹುದಿತ್ತು.

ಕೆಂಡ್ರಾಳನ್ನು ನೀನು ಊರಿಗೆ ಕರೆದೊಯ್ಯುತ್ತೀಯೆಂದು ತಿಳಿಯಿತು. ಅಲ್ಲಿ ಅವಳಿಗೆ ಕೆಲಸ ಬೇಕು, ಕೆಲಸಕ್ಕೆ ನಿನ್ನ ಗಾಡಿ ಬೇಕು. ಬಿಡುಗಡೆಯಾದ ಮೇಲೆ ನಾನೂ ನಿನ್ನ ಮನೆಗೇ ಬರುವವನು. ನಿನ್ನ ವಿಮೆಯವನು ಕಾಗದ ಇಡುತ್ತಾನೆ. ಅವನ ಬಾಯಿಗೆ ತುರುಕಬೇಡ. ನನ್ನ ಹೆಸರು ಹೊರಗಿಟ್ಟು ಸಹಿ ಹಾಕು. ನಾನೇ ಕೇಳುತ್ತಿದ್ದೇನೆ.

ವೇಡ್


ಸ್ಟಿಲ್‌ಹೌಸ್ ಹಳ್ಳ
ಏಪ್ರಿಲ್ ೯

ನನ್ನ ಮಗನೇ,

ನಿನ್ನ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಒಲೆಗೆ ಹಾಕಿದೆ, ಮೂರರಲ್ಲೂ ಆಗುವುದಿಲ್ಲ ಎಂದಿದ್ದೆ. ಕೆಂಡ್ರಾಗೆ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿದೆ, ಬೆಟ್ಟದ ಆಚೆ ಬದಿ. ಸೋಮವಾರದಿಂದ ಬಾ ಎಂದರು. ಆಗ ನಮ್ಮ ವಿಮೆಯವನು ಗಾರ್ನೆಟ್‌ನ ಕಚೇರಿಗೆ ಹೋದೆ. ನನಗೆ ಕೇಳಿಸಲೆಂದು ಅವನು ಮೇಜಿನ ಮೇಲೆ ಅರ್ಧ ಬಗ್ಗಿ ಕೂಗುತ್ತಾನೆ, ಇಡೀ ಬೀದಿಗೆ ನಮ್ಮ ವಿಮೆಯ ವಿಚಾರ ಗೊತ್ತಾಯಿತು.

"ಡೆಲ್ಫಾ ಅಕ್ಕಾ, ಮನೇಲಿ ಯಾರ್ಯಾರು?"

"ನಾನು, ಕೆಂಡ್ರಾ. ಸೆಪ್ಟೆಂಬರಿಗೆ ವೇಡ್."

"ವೇಡ್‌ನ ಸೇರಿಸಿದ್ರೆ ಕಂಪನಿ ನಿಮ್ಮನ್ನೂ ಬಿಡುತ್ತೆ. ಇಲ್ಲಿ ಸಹಿ ಹಾಕಿದ್ರೆ ಅವನೊಬ್ಬ ಹೊರಗೆ. ಅವ್ನು ಕೀಲಿ ಮುಟ್ಟಿದ್ರೆ ನಾನ್ ನಿಮ್ಮನ್ನ ಕಂಡಿಲ್ಲ, ಅಷ್ಟೇ."

"ಅವನೇ ಹಾಕು ಅಂದಿದ್ದಾನೆ ಕಣೋ."

ಗಾರ್ನೆಟ್ ಕೂಗುವುದನ್ನು ನಿಲ್ಲಿಸಿದ. "ಯಾರೂ ಹಂಗೆ ಹೇಳಿದ್ದು ನಾನ್ ಕೇಳಿಲ್ಲ" ಅಂದ ಅಂತ ಕೆಂಡ್ರಾ ಆಮೇಲೆ ಹೇಳಿದಳು.

ಎಷ್ಟು ಒತ್ತಿ ಬರೆದೆನೆಂದರೆ ಪೆನ್ನು ಕಾಗದವನ್ನೇ ಹರಿಯಿತು. ಹರಿದದ್ದು ನಡೆಯುವುದಿಲ್ಲವೆಂದು ಇನ್ನೊಂದು ಕೊಟ್ಟ. ಹಾಗಾಗಿ ನಿನ್ನನ್ನು ಎರಡು ಸಲ ಹೊರಗಿಟ್ಟೆ. ಎರಡನೆಯ ಸಲ ಕೈ ಹಗುರವಾಗಿತ್ತು.

ಅಲ್ಲಿಂದ ಮನೆಗೆ ಕೆಂಡ್ರಾಳೇ ಓಡಿಸಿದಳು. ಚೆನ್ನಾಗಿ ಓಡಿಸುತ್ತಾಳೆ, ಆದರೆ ಅವಳ ಕಣ್ಣು ಮುಂದಿನ ರಸ್ತೆಗಿಂತ ಹೆಚ್ಚಾಗಿ ಹಿಂದಿನ ಕನ್ನಡಿಯಲ್ಲೇ ಇರುತ್ತದೆ, ಹಿಂದೆ ಯಾರೂ ಇಲ್ಲದಾಗಲೂ. ತಿರುವಿನಲ್ಲಿ ಒಮ್ಮೆ ಹಳ್ಳಕ್ಕೇ ಇಳಿಯುತ್ತಿದ್ದೆವು. ನಾನು ಹಿಂದೆ ನೋಡುತ್ತೇನೆಂದರೆ ನಂಬುವುದಿಲ್ಲ, ಮುದುಕಿಗೆ ಬರುವ ಗಾಡಿಯ ಸದ್ದು ಕೇಳಿಸುವುದಿಲ್ಲವಲ್ಲ.

ಸೆಪ್ಟೆಂಬರಿನಲ್ಲಿ ನಿನ್ನನ್ನು ಕರೆತರಲು ಅವಳೇ ಬರುತ್ತಾಳೆ. ನೀನು ಅವಳ ಪಕ್ಕದಲ್ಲಿ ಕೂರು. ಹಿಂದೆ ನೋಡುವ ಕೆಲಸವನ್ನು ನೀನು ವಹಿಸಿಕೊ, ಅವಳು ಮುಂದೆ ನೋಡಲಿ. ಅದಕ್ಕೆ ಲೈಸೆನ್ಸು ಬೇಡ, ಯಾವ ಕಂಪನಿಯ ಒಪ್ಪಿಗೆಯೂ ಬೇಡ.

ನಿನ್ನ ಅತ್ತೆ
ಡೆಲ್ಫಾ